ಬಿಡಿಸದ ಹಾಳೆ

“ಚಾಕು ಗೀಕು ಮುಟ್ಟಿಸಿದರೆ ಮುಗೀತು ಬೂದೆಪ್ಪ!” ಎಂದು ಜನಾರ್ದನ ಸಾಹೇಬರು ಪುಸ್ತಕವನ್ನು ಎದೆಗವಚಿಕೊಂಡರು.

ಪಾರ್ಸಲ್ ಹೊತ್ತು ಐದನೇ ಮಹಡಿಗೆ ಬಂದಿದ್ದ ವಾಚ್‌ಮನ್ ಬೂದೆಪ್ಪ ಅಡಿಕೆ ಚಾಕುವನ್ನು ಮೆಲ್ಲಗೆ ಜೇಬಿಗಿಳಿಸಿದ. ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಾಹೇಬರಿಗೆ ಹಳೇ ಚರಿತ್ರೆ, ರಾಜಕೀಯದ ಪುಸ್ತಕಗಳ ಮೊದಲ ಮುದ್ರಣವೆಂದರೆ ಪ್ರಾಣ. ಪಾರ್ಸಲ್ ಬಿಚ್ಚಿದ ಖುಷಿಗೆ ತಾವಾಗಿಯೇ ಹೇಳಿದ್ದರು: “ನಿಮ್ಮ ಬೀದರ್ ಕಡೇದೇ ನೋಡು. ನಲವತ್ತೆಂಟರಲ್ಲಿ, ಪೊಲೀಸ್ ಆಕ್ಷನ್ ವರ್ಷ, ಸತ್ತವರ ಪಟ್ಟಿ ಇದೆ, ಊರೂರಿಂದು. ಎರಡನೇ ಮುದ್ರಣದಲ್ಲಿ ಪಟ್ಟೀನೇ ಹಾರಿಸಿಬಿಟ್ಟರು.”

ಆ ವರ್ಷ ಬೂದೆಪ್ಪ ತೊಟ್ಟಿಲಲ್ಲಿದ್ದ. ಅಪ್ಪ ಮಲ್ಲಪ್ಪ, ಚಿಕ್ಕಪ್ಪ ಶರಣಪ್ಪ ಜೋಡಿಯಾಗಿ ಮನೆಯಿಂದ ಹೊರಟವರು ಮರಳಿರಲಿಲ್ಲ.

“ಅವ್ವ ಹಾಸಿಗಿ ಹಿಡದಾಳ್ರೀ. ಆಕಿ, ಚಿಗವ್ವ, ಇಬ್ರೂ ಇವತ್ತಿನ ತನಕ ಬಳಿ ತೆಗದಿಲ್ಲ. ನಾಳೆ ಹಸರು ಬಳಿ ಹಾಕಿ ಮಣ್ಣಿಗಿ ಇಡಬೇಕೋ ಬ್ಯಾಡೋ, ಮಂದಿ ಕೇಳಾಕತ್ತಾರ. ಒಂದ ಹಾಳಿ ಬಿಡಸ್ರಿ, ಸಾಕು.”

ಹಾಳೆಗಳನ್ನು ಮಡಚಿ ಹೊಲಿದಿದ್ದರೇ ಹೊರತು ಅಂಚು ಕತ್ತರಿಸಿರಲಿಲ್ಲ. ಐವತ್ತೆಂಟು ವರ್ಷ ಯಾರೂ ಓದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಪುಸ್ತಕದ ಬೆಲೆಯೂ ಅದೇ. ಬೂದೆಪ್ಪನ ಊರಿನ ಹೆಸರು ಹೊರಪುಟದ ತುದಿಯಲ್ಲಿತ್ತು. ಸತ್ತವರು ಮಡಿಕೆಯ ಒಳಗಿದ್ದರು.

“ಬಿಡಿಸಿದರೆ ಬರೀ ಹಳೇ ಪುಸ್ತಕ ಆಗಿಹೋಗುತ್ತೆ, ಬೂದೆಪ್ಪ. ಹೀಗಿರೋ ಪ್ರತಿ ಇದೊಂದೇ.” ಆದರೂ ಸಾಹೇಬರ ಮನಸ್ಸು ತಡೆಯಲಿಲ್ಲ. “ನಿನ್ನ ಬ್ಯಾಟರಿ ಹಾಕು. ಕೆಳಗಿನ ಸಂದಿಯಿಂದ ನೋಡು. ಎಳೀಬೇಡ ಮತ್ತೆ!”

ಬೂದೆಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಊರಿನ ಪಟ್ಟಿಯ ಕೊನೆಯ ಎರಡು ಸಾಲು ಮಾತ್ರ ಕಂಡವು, ಮೇಲಿನದು ಬೇರೆ ಮನೆಯದು. ಕೊನೆಯದರ ಮೊದಲರ್ಧ ಬೆನ್ನಿನ ಹೊಲಿಗೆಯ ಕತ್ತಲಲ್ಲಿ ಮುಳುಗಿತ್ತು. ಉಳಿದದ್ದು ಇಷ್ಟೇ: ‘...ಪ್ಪ, ಬಿನ್ ಬೂದೆಪ್ಪ’.

“ಸಿಕ್ತಾ?”

“ನನ್ನ ಹೆಸರ ಐತ್ರಿ. ಅಜ್ಜಂದು, ನನಗಿಟ್ಟಾರ. ಸತ್ತ ಮಗ ಯಾವಾಂವ ಅಂತ ಕಾಣವಲ್ದು.”

ಸಾಹೇಬರು ಪುಸ್ತಕ ಈಸಿಕೊಂಡರು. ಗಾಜಿನ ಕಪಾಟಿಗೆ ಬೀಗ ಬಿತ್ತು.

ಗೇಟಿಗೆ ಬರುವಷ್ಟರಲ್ಲಿ ಊರಿಂದ ಹೆಂಡತಿ ಶಿವದೇವಿಯ ಫೋನು.

“ಪಂಚಮಿಗಿ ಬಳಿಗಾರ್ತಿ ಬಂದಾಳ್ರೀ. ಅತ್ತಿ, ಚಿಗತ್ತಿ, ಇಬ್ರಿಗೂ ಇಡಸ್ಲೇನು?”

ಬೂದೆಪ್ಪ ತಲೆಯೆತ್ತಿ ಐದನೇ ಮಹಡಿಯತ್ತ ನೋಡಿದ.

“ಒಬ್ಬಾಕಿಗಿ ಇಡಸು.”

“ಅಯ್ಯ, ಯಾರಿಗ್ರೀ?”

ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅವನ ಕೈಯ ಬ್ಯಾಟರಿ ಇನ್ನೂ ಉರಿಯುತ್ತಿತ್ತು.