ಹಳೆಯ ಸೀಸೆಯಲ್ಲಿ ಇದ್ದದ್ದು

"ಏನು ಕೊಡ್ಲಿ?" ಎಂದು ಯುನ್ಹಿ ತಲೆಯೆತ್ತದೆ ಕೇಳಿದಳು. ಸೋಯಾ ರಸದಲ್ಲಿ ಬೇಯಿಸಿದ ತಾವರೆ ಬೇರನ್ನು ಡಬ್ಬಿಗಳಿಗೆ ತುಂಬುತ್ತಿದ್ದಳು. ಉತ್ತರ ಬರದಿದ್ದಾಗ ನೋಡಿದಳು. ಸೇಬಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಒಬ್ಬ ಯುವತಿ ನಿಂತಿದ್ದಳು.

"ನಾನು ಉನ್ಸೋಲ್ ಅಂತ, ಅಕ್ಕ. ಪ್ರೊಫೆಸರ್ ಮೆಂಗ್ ಅವರ ಲ್ಯಾಬಿನವಳು."

ದೇಜಾನ್ ನಗರದ ಈ ಮಾರುಕಟ್ಟೆಯಲ್ಲಿ ಯುನ್ಹಿ ಪಲ್ಯ, ಕಿಮ್ಚಿ ಉಪ್ಪಿನಕಾಯಿ ಮಾರಲು ಕೂತು ಒಂಬತ್ತು ವರ್ಷವಾಗಿತ್ತು. ವಿಶ್ವವಿದ್ಯಾಲಯ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷದ ದಾರಿ. ಅಲ್ಲಿಂದ ಒಂದು ನರಪಿಳ್ಳೆಯೂ ಇತ್ತ ತಲೆ ಹಾಕಿರಲಿಲ್ಲ.

"ಸೇಬು ಕಳಿಸಿದ್ದು ಅವರೇನಾ?"

"ಹೂಂ."

"ಹಂಗಾದ್ರೆ ನನ್ನಿಂದ ಏನೋ ಕೆಲಸ ಆಗ್ಬೇಕು. ಬಾ ಒಳಗೆ."

ಉನ್ಸೋಲ್ ಸ್ಟೂಲಿನ ತುದಿಯಲ್ಲಿ ಕೂತು ಚೀಲದಿಂದ ಒಂದು ಕಾಗದ ತೆಗೆದಳು. ಓದಿದ ಯುನ್ಹಿಗೆ ಮೊದಲು ಅರ್ಥವಾಗಲಿಲ್ಲ. ಪ್ರಕಟವಾಗಲಿರುವ ಸಂಶೋಧನಾ ಲೇಖನವೊಂದರಲ್ಲಿ ತನ್ನ ಪಾಲು ಏನೇನೂ ಇಲ್ಲ, ಮುಂದೆಯೂ ಹಕ್ಕು ಕೇಳುವುದಿಲ್ಲ ಎಂದು ಅವಳು ಸಹಿ ಹಾಕಬೇಕಿತ್ತು. ಆಮೇಲೆ ಲೇಖನದ ಹೆಸರು ಕಣ್ಣಿಗೆ ಬಿತ್ತು. ಅದೇ ಪೆಪ್ಟೈಡು, ಪ್ರೋಟೀನಿನ ಚೂರು. ಹನ್ನೊಂದು ಕೊಂಡಿಗಳ ಪುಟ್ಟ ಸರಪಳಿ. ಜೀವಕೋಶದ ಮೈಮೇಲಿನ ಒಂದು ರಿಸೆಪ್ಟರಿನಲ್ಲಿ, ಬೀಗದಲ್ಲಿ ಕೀಲಿಯಂತೆ ಕೂತು, ಕೋಶವನ್ನು ಎಚ್ಚರಿಸುತ್ತದೆ ಎಂದು ಮೆಂಗ್ ಜಗತ್ತಿಗೆ ಸಾರಿ ಹೆಸರು ಮಾಡಿದ್ದು ಅದರಿಂದಲೇ. ಆ ಪೆಪ್ಟೈಡಿನ ಮೊದಲ ಸೀಸೆ ಮುಗಿಯುತ್ತ ಬಂದಾಗ ಹೊಸದನ್ನು ತರಿಸಿದ್ದರು. ಹೊಸದರಲ್ಲಿ ಕೋಶಗಳು ಮಿಸುಕಲಿಲ್ಲ. ಆಗ ಆ ಲ್ಯಾಬಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಯುನ್ಹಿ ಹದಿನಾಲ್ಕು ತಿಂಗಳು ಮತ್ತೆ ಮತ್ತೆ ಮಾಡಿ ನೋಡಿದಳು. ಕೊನೆಗೊಂದು ಸೋಮವಾರದ ಸಭೆಯಲ್ಲಿ ಎಲ್ಲರೆದುರು ಮೆಂಗ್ ಹೇಳಿದ್ದರು: "ಕೆಲವರ ಕೈಗೆ ವಿಜ್ಞಾನ ಹತ್ತೋದಿಲ್ಲ, ಯುನ್ಹಿ. ಅದು ನಿನ್ನ ತಪ್ಪಲ್ಲ."

ಆ ವಾರವೇ ಅವಳು ಬಿಟ್ಟು ಬಂದಿದ್ದಳು.

"ನಂಗೂ ಹಂಗೇ ಆಯ್ತು ಅಕ್ಕ, ಕೋಶಗಳು ಸುಮ್ಮನಿದ್ವು," ಎಂದಳು ಉನ್ಸೋಲ್. "ಕಪಾಟಲ್ಲಿ ನಿಮ್ಮ ನೋಟ್‌ಬುಕ್ ಸಿಕ್ತು. 'ಹಳೆಯ ಸೀಸೆಯಲ್ಲಿರುವುದು ನಾವು ಅಂದುಕೊಂಡದ್ದೇ ಹೌದೇ? ಪರೀಕ್ಷಿಸಬೇಕು' ಅಂತ ಬರೆದಿದ್ರಿ. ಪಕ್ಕದಲ್ಲಿ ಕೆಂಪು ಶಾಯೀಲಿ 'ಬೇಡ' ಅಂತ ಇತ್ತು, ಮೇಷ್ಟ್ರ ಅಕ್ಷರ. ಫ್ರೀಜರಿನ ತಳದಲ್ಲಿ ಆ ಸೀಸೆ ಇನ್ನೂ ಇತ್ತು. ಒಂದು ಚಿಟಿಕೆ ಉಳಿದಿತ್ತು. ಅವರಿಗೆ ಹೇಳದೇನೇ ಪರೀಕ್ಷೆ ಮಾಡಿದೆ."

ಯುನ್ಹಿ ಕಾಗದವನ್ನು ಮಡಿಲಲ್ಲಿಟ್ಟಳು. "ಏನಿತ್ತು ಅದ್ರಲ್ಲಿ?"

"ಬೆರಕೆ. ಹನ್ನೊಂದರ ಜೊತೆಗೆ ಹತ್ತು ಕೊಂಡೀದೂ ಸ್ವಲ್ಪ ಇತ್ತು. ಮಾಡೋವಾಗ ಯಂತ್ರ ಒಂದನ್ನ ಬಿಟ್ಬಿಟ್ಟಿದೆ. ಕೋಶಗಳನ್ನ ಎಬ್ಬಿಸ್ತಾ ಇದ್ದದ್ದು ಆ ಹತ್ತರದ್ದು. ಹೊಸ ಸೀಸೆ ಶುದ್ಧವಾಗಿತ್ತು, ಅದಕ್ಕೇ ಏನೂ ಆಗ್ಲಿಲ್ಲ."

ಯುನ್ಹಿ ನಕ್ಕಳು. ಜೋರಾಗಿ, ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು. ಅಂಗಡಿಯ ಮುಂದೆ ಒಣಮೀನು ಆರಿಸುತ್ತಿದ್ದ ಮುದುಕಿ ಇಣುಕಿದಳು.

"ಏನೇ, ಅಳ್ತಿದೀಯಾ, ನಗ್ತಿದೀಯಾ?"

"ಎರಡೂ ಅಲ್ಲ ಅಜ್ಜಿ, ಮೆಣಸಿನಪುಡಿ ಘಾಟು."

"ಮೀನಿಗೂ ಅಷ್ಟೇ ಸುರೀತೀಯ. ಹೋದ ವಾರ ನನ್ನ ನಾಲಿಗೆ ಸುಟ್ಟು ಹೋಯ್ತು," ಎಂದು ಗೊಣಗುತ್ತ ಮುದುಕಿ ಮತ್ತೆ ಮೀನಿನ ಕಡೆ ತಿರುಗಿದಳು.

"ಮೇಷ್ಟ್ರು ಏನಂದ್ರು?" ಎಂದಳು ಯುನ್ಹಿ.

"ಎರಡು ದಿನ ಕೋಣೆಯಿಂದ ಹೊರಗೆ ಬರ್ಲಿಲ್ಲ. ಮೂರನೇ ದಿನ ಬಂದು, 'ಇದು ಹೊಸ ಪೆಪ್ಟೈಡ್, ನಮ್ಮ ಹೊಸ ಶೋಧ' ಅಂದ್ರು."

"ತಪ್ಪೇ ಶೋಧ ಆಯ್ತು ಅನ್ನು. ಹೆಸರು ಯಾರ್ದು?"

"ಮೊದಲು ನಂದು. ಕೊನೇಲಿ ಅವರದು." ಉನ್ಸೋಲಳ ದನಿ ಇಳಿಯಿತು. "ನಿಮ್ಮ ಹೆಸರು ಸೇರಿಸೋಣ ಅಂದೆ. ನೋಟ್‌ಬುಕ್ ಇಸ್ಕೊಂಡು ಬೀಗ ಹಾಕಿದ್ರು. ಆಮೇಲೆ ಈ ಕಾಗದ ಕೊಟ್ಟು ಕಳಿಸಿದ್ರು. ನೀವು ಆಗಲ್ಲ ಅನ್ನಿ ಅಕ್ಕ. ನಾನು ಹಂಗೇ ಹೋಗಿ ಹೇಳ್ತೀನಿ."

"ಹೇಳಿದ್ರೆ ನಿನ್ನ ಪಿಎಚ್‌ಡಿ ಕತೆ?"

ಉನ್ಸೋಲ್ ಚೀಲದ ಜಿಪ್ಪನ್ನು ಎಳೆದು ಮುಚ್ಚಿದಳು.

"ಎಷ್ಟನೇ ವರ್ಷ ನಿಂದು?"

"ಏಳು."

ಯುನ್ಹಿ ತುಂಬ ಹೊತ್ತು ಅವಳನ್ನೇ ನೋಡಿದಳು. ಹುಡುಗಿಯ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. ಯಾರಾದರೂ ಬಯ್ಯಲಿ ಎಂದು ಕಾಯುತ್ತಿರುವಂತೆ ಕೂತಿದ್ದಳು.

"ಕೋಶಗಳು ಎದ್ದದ್ದರ ಗ್ರಾಫ್ ಇದೆಯಾ ನಿನ್ ಹತ್ರ? ತೋರಿಸು."

ಉನ್ಸೋಲ್ ಫೋನ್ ಹಿಡಿದಳು. ಹನ್ನೊಂದರ ಗೆರೆ ನೆಲಕ್ಕಂಟಿ ಮಲಗಿತ್ತು. ಹತ್ತರದ್ದು ನಿಧಾನಕ್ಕೆ ಮೇಲೆದ್ದು, ನೆತ್ತಿಯಲ್ಲಿ ಬಾಗಿ ನಿಂತಿತ್ತು. ಯುನ್ಹಿ ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ಹೊರಗೆ ಮುದುಕಿ ಎರಡು ಸಲ ಕೂಗಿದರೂ ಅವಳಿಗೆ ಕೇಳಿಸಲಿಲ್ಲ.

"ಚೆನ್ನಾಗಿದೆ," ಎಂದು ಫೋನ್ ವಾಪಸು ಕೊಟ್ಟಳು. ಕಾಗದವನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು ಸಹಿ ಹಾಕಿದಳು. "ಸೇಬು ತಗೊಂಡ್ ಹೋಗು. ಇಲ್ಲಿ ಇಡೋಕೆ ಜಾಗ ಇಲ್ಲ."

ಉನ್ಸೋಲ್ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಮೆಂಗ್ ಫೋನ್ ಮಾಡಿದರು.

"ಸಹಿ ಹಾಕಿದ್ಳಾ?"

"ಹಾಕಿದ್ರು, ಸರ್."

"ಜಗಳ ಏನಾದ್ರೂ?"

"ಇಲ್ಲ. ಸೀಸೆಯಲ್ಲಿ ಏನಿತ್ತು ಅಂತ ಕೇಳಿದ್ರು. ಗ್ರಾಫ್ ನೋಡಿದ್ರು. ಅಷ್ಟೇ."

ಆ ಕಡೆ ಮೆಂಗ್ ನಿಜವಾದ ವ್ಯಥೆಯಿಂದಲೇ ನಿಟ್ಟುಸಿರು ಬಿಟ್ಟರು.

"ನೋಡು, ಕುತೂಹಲ ಅಂದ್ರೆ ಅದು. ಅಂಥವರು ನಮ್ಮ ಲ್ಯಾಬಿನಲ್ಲಿ ನಿಲ್ಲೋದೇ ಇಲ್ಲ. ಯಾಕೋ ಗೊತ್ತಿಲ್ಲ."