ಮಾರಾಟಕ್ಕಿಲ್ಲದ ನಿಘಂಟು

"ನನ್ನ ದಪ್ಪ ನಿಘಂಟು ಎಲ್ಲಿ ಹೋಯ್ತಮ್ಮ?" ಬೀದಿನಾಯಿಗಳ ಆಶ್ರಯಕ್ಕೆಂದು ಹಳೇ ಪುಸ್ತಕ ಮಾರುತ್ತಿದ್ದವಳನ್ನು ಬೈಂಡರ್ ತರಾಟೆಗೆ ತೆಗೆದುಕೊಂಡ. ಕೈಯಾರೆ ಹೊಲಿದು ರಟ್ಟು ಹಾಕಿದ್ದ ಆ ಪುಸ್ತಕವನ್ನು ಹೆಂಡತಿಯ ಕಾಟ ತಾಳಲಾರದೆ ಕೊಟ್ಟು ಕಳಿಸಿದ್ದ. ನಾಯಿಗಳ ಹೆಸರು ಹೇಳಿ ಈಕೆ ಒಳ್ಳೊಳ್ಳೆಯದನ್ನೆಲ್ಲ ಎತ್ತಿಟ್ಟುಕೊಳ್ಳುತ್ತಾಳೆಂದು ಅವನಿಗೆ ಗುಮಾನಿ.

"ಅದನ್ನ ಒಬ್ರು ಬಿಡ್ತಾನೇ ಇಲ್ಲ ಸಾರ್," ಎಂದಳು ಅವಳು, ಅಳುಕುತ್ತ. "ಹೇಳಿರಲಿಲ್ವಾ ನಾನು?" ಎಂದು ಜೊತೆಗೆ ಬಂದಿದ್ದ ಹೆಂಡತಿಯತ್ತ ಹುಬ್ಬು ಹಾರಿಸಿ, ಬೈಂಡರ್ ಪುಸ್ತಕದ ಮೇಜಿನಿಂದ ಇಳಿಬಿದ್ದಿದ್ದ ಬಟ್ಟೆಯನ್ನು ಸರಕ್ಕನೆ ಎತ್ತಿದ. ಕೆಳಗೆ ಕಂದು ನಾಯಿಯೊಂದು ನಿಘಂಟಿನ ಮೇಲೆ ಗದ್ದವಿಟ್ಟು ಮಲಗಿತ್ತು. ಅವನನ್ನು ಕಂಡದ್ದೇ ಬಾಲ ನೆಲಕ್ಕೆ ಪಟಪಟ ಬಡಿಯಿತು.

"ಅಯ್ಯೋ, ನಮ್ಮ ಗುಂಡ!" ಹೆಂಡತಿ ಅಲ್ಲೇ ಕುಕ್ಕರಿಸಿದಳು. "ಕಾಂಪೌಂಡ್ ಹಾರಿ ಓಡಿಹೋಯ್ತು ಅಂದ್ರಲ್ಲ ನೀವು?"

"ಓಡಿ ಬಂದಿದ್ದಲ್ಲಮ್ಮ," ಎಂದಳು ಮಾರುವವಳು, "ಯಾರೋ ನಮ್ಮ ಆಶ್ರಯದ ಗೇಟಿಗೆ ಕಟ್ಟಿ ಹೋಗಿದ್ರು. ಗಂಟು ಬಿಚ್ಚಕ್ಕೇ ಆಗ್ಲಿಲ್ಲ, ದಾರ ಕತ್ತರಿಸಿದ್ವಿ." ನಾಯಿಯ ಬೆಲ್ಟಿನಲ್ಲಿ ಆ ಗಂಟು ಇನ್ನೂ ಉಳಿದಿತ್ತು: ಮೇಣ ಸವರಿದ ದಾರ, ಮೂರು ಸುತ್ತು. ಹೆಂಡತಿ ಅದನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ನಿಘಂಟನ್ನು ಎಳೆದುಕೊಂಡು, ರಟ್ಟು ಸರಿಸಿ, ಹೊಲಿಗೆಯ ಕೊನೆಯ ಗಂಟನ್ನೂ ಸವರಿ ನೋಡಿದಳು. ಅದೇ ಮೇಣದ ದಾರ, ಅದೇ ಮೂರು ಸುತ್ತು.

ಬೈಂಡರ್ ಎರಡೂ ಕೈಗಳನ್ನು ಜೇಬಿಗಿಳಿಸಿದ.