ಚಾಲೂ ದ್ಯಾ

ಮೊಮ್ಮಗಳು ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟಳು. ಎಲ್ಲಿ ಬಿದ್ದುಬಿಡುತ್ತಾಳೋ ಎಂದು ತುಳಸವ್ವ ಎರಡೂ ಕೈ ಚಾಚಿ ಧಾವಿಸಿದಳು. “ಧರೂ ನಕಾ, ಆಯಿ!” ಹಿಡಿಯಬೇಡಿ ಎಂದು ಸೊಸೆ ಮನಿಷಾ ಮರಾಠಿಯಲ್ಲಿ ತಡೆದಳು. “ಚಾಲೂ ದ್ಯಾ ತಿಲಾ.”

ತುಳಸವ್ವನ ಕೈ ಗಾಳಿಯಲ್ಲೇ ನಿಂತಿತು. ಇದೇ ಮಾತನ್ನು ಮಿರಜದ ಡಾಕ್ಟರು ಅಂದಿದ್ದರು. ಗಂಡ ಅಮೋಘಸಿದ್ಧನ ಎದೆಯ ಆಪರೇಷನ್ ಆಗಿ ಆಗ ತಿಂಗಳಾಗಿತ್ತು. “ಹಾಸಗಿ ಬಿಟ್ಟು ಏಳಾಕ ಬಿಟ್ಟಿಲ್ರಿ” ಎಂದು ಇವಳು ಹೆಮ್ಮೆಯಿಂದ ಹೇಳಿದಾಗ ಅವರು ತಲೆಯಾಡಿಸಿ, “ಚಾಲೂ ದ್ಯಾ ತ್ಯಾಂನಾ” ಅಂದರು. ಇವಳ ಮರಾಠಿ ಅಷ್ಟಕ್ಕಷ್ಟೇ. ತನ್ನೂರು ಲಿಂಗನೂರಿನಲ್ಲಿ ಪಂಪು ಚಾಲೂ ಆಗುತ್ತಿತ್ತು, ಈಚೆಗೆ ಬಂದ ಕೇಬಲ್ ಟಿವಿಯೂ ಚಾಲೂ ಆಗುತ್ತಿತ್ತು. ಮಾಡುತ್ತಿರುವುದನ್ನೇ ಚಾಲೂ ಇಡು ಎಂದರೆಂದು ತಿಳಿದು, ನೆಮ್ಮದಿಯಿಂದ ಗಂಡನನ್ನು ಊರಿಗೆ ಕರೆತಂದಿದ್ದಳು.

ಆಯುಷ್ಯವೆಲ್ಲ ಕುರಿಗಳ ಹಿಂದೆ ತಿರುಗಿದ ಮನುಷ್ಯ. “ಬಾವಿ ತನಕ ಹೋಗಿ ಬರ್ತೇನಿ, ಬಿಡ ತುಳಸಾ” ಎಂದು ದಿನಾ ಅಂಗಲಾಚುತ್ತಿದ್ದ. “ಡಾಕ್ಟರ ಹೇಳ್ಯಾರ, ಸುಮ್ಮ ಮಲಕೋರಿ” ಎಂದು ಗದರಿಸುತ್ತಿದ್ದಳು. ಕಡೆಗೆ ಅವನ ಚಪ್ಪಲಿಯನ್ನೇ ಅಟ್ಟದ ಮೇಲೆ ಬಚ್ಚಿಟ್ಟಳು. ಹೋದ ದೀಪಾವಳಿಗೆ ಅದೇ ಹಾಸಿಗೆಯಲ್ಲಿ ಅವನು ತೀರಿಹೋದ. ಚಪ್ಪಲಿ ಇನ್ನೂ ಅಲ್ಲೇ ಇತ್ತು.

ಮಗು ತಪ್ಪುಹೆಜ್ಜೆ ಇಡುತ್ತ ಬಂದು ಅವಳ ಮೊಣಕಾಲು ತಬ್ಬಿಕೊಂಡಿತು. ತುಳಸವ್ವನಿಗೆ ಅದನ್ನು ಎತ್ತಿಕೊಳ್ಳಲು ಕೈ ಬರಲಿಲ್ಲ.

“ಮನಿಷಾ, ಈಗ ನೀ ಅಂದೆಲ್ಲಾ, ಹಂಗಂದ್ರ ಏನವ್ವಾ?”

“ನಡಿಯಾಕ ಬಿಡ್ರಿ ಅಂತ, ಆಯಿ.” ಮನಿಷಾ ಮಗುವಿಗೆ ಚಪ್ಪಾಳೆ ತಟ್ಟುತ್ತ ನಕ್ಕಳು. “ನಡದ್ರನ ಬಲಾ ಬರೂದು.”